ಸಿರವಾರ ರಸ್ತೆಯ ದೋಣಿ

ಹೋದ ತಿಂಗಳು ನಮ್ಮ ಕಾರಿನ ಮುಂದೆ ಒಂದು ದೋಣಿ ಹೋಗುತ್ತಿತ್ತು. ಹೊಳೆಯಲ್ಲಲ್ಲ, ಮಾನ್ವಿಯಿಂದ ಸಿರವಾರಕ್ಕೆ ಹೋಗುವ ಡಾಂಬರು ರಸ್ತೆಯಲ್ಲಿ.

ನೀಲಿ ಬಣ್ಣದ ಫೈಬರ್ ದೋಣಿ. ಎರಡು ಗಾಲಿಯ ಟ್ರೇಲರ್ ಮೇಲೆ ಅದನ್ನು ಕೂರಿಸಿ ಒಂದು ಪಿಕಪ್ ಗಾಡಿ ಎಳೆದುಕೊಂಡು ಹೊರಟಿತ್ತು. ಎರಡೂ ಕಡೆ ಭತ್ತದ ಗದ್ದೆ, ನಡುವೆ ದೋಣಿಯ ಸವಾರಿ. ನಾನು ಸುಮ್ಮನಿರುತ್ತೇನೆಯೇ? ಮೊಬೈಲ್ ತೆಗೆದು ಫೋಟೊ ಹೊಡೆದೆ. 'ಎಡದೊರೆ ನಾಡಿನ ಟ್ರಾಫಿಕ್' ಎಂದು ಬರೆದು ಸ್ಟೇಟಸ್‌ಗೆ ಹಾಕಿದೆ. ಐದಾರು ಜನ ನಗುವ ಮುಖ ಕಳಿಸಿದರು.

ನಾವು ಹೊರಟಿದ್ದು ದೇವದುರ್ಗಕ್ಕೆ. ತಂಗಿಯ ಮಗಳ ಕುಬಸ. (ಬಸುರಿಗೆ ಹಸಿರು ಬಳೆ ತೊಡಿಸಿ ಉಡಿ ತುಂಬುವ ಕಾರ್ಯಕ್ಕೆ ದೊಡ್ಡಮ್ಮನೇ ತಡವಾಗಿ ಹೋದರೆ ಹೇಗೆ?) ನಮ್ಮ ಮನೆಯವರು ಕಾರು ಓಡಿಸುತ್ತಿದ್ದರು. ಮುಂದೆ ಹೋಗೋಣವೆಂದರೆ ದೋಣಿ ಬಿಡುತ್ತಿರಲಿಲ್ಲ. ಅದು ಎಡಕ್ಕೂ ಬಲಕ್ಕೂ ಬಾಲ ಅಲ್ಲಾಡಿಸುತ್ತಾ ಸಾಗಿತ್ತು.

ಸಿರವಾರದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅವರೂ ಅದೇ ಹೋಟೆಲ್ ಮುಂದೆ ನಿಲ್ಲಿಸಿದ್ದರು. ದೋಣಿಯ ಮೂತಿಗೆ ಚೆಂಡುಹೂವಿನ ಹಾರ ಹಾಕಿದ್ದು ಆಗ ಕಂಡಿತು. ಪಕ್ಕದಲ್ಲಿ ನಿಂತಿದ್ದ ಐವತ್ತರ ಆಸುಪಾಸಿನ ಮನುಷ್ಯ ಅಂಬಣ್ಣ. ದೇವದುರ್ಗ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೆ ಅವನ ಊರು. ತುಂಗಭದ್ರೆಯ ಕಡೆಯಿಂದ ಹಳೆಯ ದೋಣಿ ಕೊಂಡು ಒಯ್ಯುತ್ತಿದ್ದ. ನಮ್ಮ ಜಿಲ್ಲೆಯ ಆಚೆಗೊಂದು ಹೊಳೆ, ಈಚೆಗೊಂದು ಹೊಳೆ; ಅದಕ್ಕೇ ಎಡದೊರೆ ನಾಡು. ದೋಣಿ ಆ ಹೊಳೆಯಿಂದ ಈ ಹೊಳೆಗೆ ಬರಬೇಕೆಂದರೆ ರಸ್ತೆಯೇ ಗತಿ.

"ಇಷ್ಟು ದೂರದಿಂದ ಯಾಕ ಒಯ್ಯಾಕತ್ತೀರಿ?" ಎಂದೆ.

"ಮ್ಯಾಲಿನ ಡ್ಯಾಮಿಂದ ನೀರು ಬಿಟ್ರ ನಮ್ಮೂರ ದಾರಿ ಬಂದ್ ಆಗತದರಿ ಯವ್ವಾ. ಹ್ವಾದ ವರ್ಷ ದಿನ ತುಂಬಿದ ಹೆಣ್ಮಗಳನ್ನ ಹರಗೋಲದಾಗ ಕುಂದ್ರಿಸಿಕೊಂಡು ದಾಟಿಸೀವಿ. ಸುತ್ತ ತಿರಗತಿತ್ತು ಅದು. ಆಕಿ ಕಣ್ಣು ಮುಚ್ಚಿಕೊಂಡು ನನ್ನ ಕೈ ಹಿಡದಿದ್ಲು. ಆವತ್ತೇ ಊರವ್ರೆಲ್ಲ ಕೂಡಿ ಅಂದೀವಿ, ಒಂದು ಇಂಜಿನ್ ದೋಣಿ ಬೇಕೇ ಬೇಕು ಅಂತ."

ನಮ್ಮ ಮನೆಯವರು ಪಿಕಪ್‌ನ ಡ್ರೈವರ್ ಕಡೆ ತಿರುಗಿದರು. ರಫಿ ಎಂದು ಅವನ ಹೆಸರು, ಮಾನ್ವಿಯವನು.

"ನಿಮ್ಮ ಟ್ರೇಲರ್ ಭಾಳ ವಾಲಾಡಾಕತ್ತದ. ಸ್ವಲ್ಪ ನೋಡ್ಕೊಳ್ರಿ."

"ಏನಾಗಂಗಿಲ್ರಿ ಸರ್. ದೋಣಿ ಹಗುರ ಅದ, ಗಾಳಿಗೆ ಹಂಗ ಆಡತದ" ಎಂದ ರಫಿ. ಆದರೂ ಎದ್ದು ಹೋಗಿ ಹಗ್ಗ ಎಳೆದು ನೋಡಿದ. ಅಂಬಣ್ಣನೂ ಎಳೆದ. ನಮ್ಮ ಮನೆಯವರೂ ಎಳೆದರು. ನೈಲಾನ್ ಹಗ್ಗ ತಂತಿಯ ಹಾಗೆ ಬಿಗಿಯಾಗಿತ್ತು.

"ಹೊಳಿಯವ್ರು ಹಾಕಿದ ಗಂಟು ಬಿಚ್ಚಂಗಿಲ್ರಿ" ಎಂದ ಅಂಬಣ್ಣ. ನಿಜ. ಎಲ್ಲರಿಗೂ ಸಮಾಧಾನವಾಯಿತು. ಚಹಾ ಕುಡಿದು ಹೊರಟೆವು. ಅವರು ಮುಂದೆ, ನಾವು ಹಿಂದೆ.

ಸಿರವಾರ ದಾಟಿ ಸ್ವಲ್ಪ ದೂರಕ್ಕೆ ಒಂದು ಹಳ್ಳಿ. ಶಾಲೆಯ ಮುಂದೆ ಹಂಪ್. ಬಿಳಿ ಬಣ್ಣ ಅಳಿಸಿಹೋದ, ಹತ್ತಿರ ಬರುವವರೆಗೂ ಕಾಣದ ಹಂಪ್. (ನಿಮ್ಮೂರಿನಲ್ಲೂ ಇದೆ, ಗೊತ್ತು.) ಪಿಕಪ್ ಹಂಪ್ ಹತ್ತಿ ಇಳಿಯಿತು. ಟ್ರೇಲರ್ ಹಾರಿತು. ಅದರ ಮುಂದಿನ ಕಂಬಿ ಪಿಕಪ್‌ನಿಂದ ಕಳಚಿ ನೆಲಕ್ಕೆ ಬಡಿದು ಕಿಡಿ ಹಾರಿದ್ದನ್ನು ನಾನು ಕಂಡೆ.

ಪಿಕಪ್ ನೇರ ಹೋಯಿತು. ದೋಣಿ ಬಲಕ್ಕೆ ತಿರುಗಿತು.

ಎದುರಿಗೆ ಒಂದು ಬೈಕ್ ಬರುತ್ತಿತ್ತು. ನಿಧಾನವಾಗಿಯೇ ಬರುತ್ತಿತ್ತು. ಹಂಪ್ ಇದೆ ಎಂದು ಬಲ್ಲ ಊರಿನವನು. ಅವನು ತನ್ನ ಎಡಕ್ಕೆ, ರಸ್ತೆಯ ಅಂಚಿಗೆ, ಮಣ್ಣಿಗೆ ಇಳಿದ. ಮನುಷ್ಯ ಇನ್ನೇನು ಮಾಡಲು ಸಾಧ್ಯವಿತ್ತು? ದೋಣಿಯೂ ಅಲ್ಲಿಗೇ ಬಂತು.

ನಾವು ಓಡಿದೆವು. ಟ್ರೇಲರ್ ಬೈಕಿನ ಮೇಲೆ ಹತ್ತಿ ತಗ್ಗಿನಲ್ಲಿ ನಿಂತಿತ್ತು. ಆತ ಆಚೆ ಬಿದ್ದಿದ್ದ. ಕಣ್ಣು ತೆರೆದಿದ್ದವು. ಬೈಕಿಗೆ ಕಟ್ಟಿದ್ದ ಗಂಟು ಒಡೆದು ಹೊಲಿದ ಬಟ್ಟೆಗಳು ಕೆಸರಿನಲ್ಲಿ ಹರಡಿದ್ದವು. ಶಾಲೆಯ ಮಕ್ಕಳ ಯೂನಿಫಾರ್ಮ್. ಆತ ಮೌನೇಶ, ಅದೇ ಹಳ್ಳಿಯ ಟೇಲರ್. ಸಿರವಾರದ ಅಂಗಡಿಗೆ ಬಟ್ಟೆ ಕೊಡಲು ಹೊರಟಿದ್ದನಂತೆ.

ಆಂಬುಲೆನ್ಸ್ ಬರುವುದು ತಡವೆಂದರು. ನಮ್ಮ ಕಾರಿನ ಹಿಂದಿನ ಸೀಟಿನಲ್ಲೇ ಮಲಗಿಸಿದೆವು. ಅಂಬಣ್ಣ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. "ಯಪ್ಪಾ, ಕಣ್ಣು ಮುಚ್ಚಬ್ಯಾಡ. ನನ್ನ ಕಡಿ ನೋಡು" ಎಂದು ಸಿರವಾರದವರೆಗೂ ಹೇಳುತ್ತಲೇ ಇದ್ದ. ಅಲ್ಲಿಯ ಆಸ್ಪತ್ರೆಯಲ್ಲಿ ಬ್ಯಾಂಡೇಜು ಸುತ್ತಿ ರಾಯಚೂರಿಗೆ ಕಳಿಸಿದರು. ದಾರಿಯಲ್ಲಿ ತಂಗಿಯ ಫೋನ್: "ಅಕ್ಕಾ, ಎಲ್ಲಿದ್ದೀ? ಮುತ್ತೈದೇರೆಲ್ಲ ಕುಂತಾರ." ಬಸುರಿಯ ಮನೆಗೆ ಏನೆಂದು ಹೇಳುವುದು? ಗಾಡಿ ಕೆಟ್ಟಿದೆ ಎಂದೆ.

ರಾಯಚೂರಿನ ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಮೌನೇಶ ತೀರಿಕೊಂಡ.

ಅವನ ಹೆಂಡತಿ ಸರಸ್ವತಿ ಮೈದುನನ ಜೊತೆ ಬಂದಾಗ ನಾನು ಕಾರಿಡಾರಿನ ಬೆಂಚಿನ ಮೇಲಿದ್ದೆ. ಆಕೆ ಅಳಲಿಲ್ಲ. "ಯಾವ ಗಾಡಿ?" ಎಂದು ಕೇಳಿದಳು. ಮೈದುನ "ದೋಣಿ" ಎಂದ. ಆಕೆಗೆ ಅರ್ಥವಾಗಲಿಲ್ಲ. "ಗಾಡಿ ಯಾವ್ದು ಅಂತ ಕೇಳಾಕತ್ತೀನಿ" ಎಂದಳು. ಅವನು ಮತ್ತೆ ದೋಣಿ ಎಂದ. ನಾನು ಮೊಬೈಲ್ ತೆಗೆದು ಸ್ಟೇಟಸ್ ಅಳಿಸಿದೆ. ಅಷ್ಟರಲ್ಲಿ ಇನ್ನೂ ಹತ್ತಾರು ಜನ ನಕ್ಕಿದ್ದರು.

ಆಮೇಲೆ ತಿಳಿದದ್ದು ಇದು. ಟ್ರೇಲರನ್ನು ಪಿಕಪ್‌ಗೆ ಸೇರಿಸುವ ಕೊಂಡಿಯಲ್ಲಿ ಪಿನ್ ಇರಲಿಲ್ಲ. ಅದು ಎಲ್ಲೋ ಕಳೆದಿತ್ತು. ಅದರ ಜಾಗಕ್ಕೆ ಒಂದು ಬೋಲ್ಟ್ ಇಳಿಬಿಟ್ಟಿದ್ದರು. ಬೋಲ್ಟಿಗೆ ನಟ್ಟು ಹಾಕಿರಲಿಲ್ಲ. ಕೊಂಡಿ ಕಳಚಿದರೂ ಟ್ರೇಲರ್ ಓಡಿಹೋಗದಂತೆ ಹಿಡಿಯುವ ಸರಪಳಿ ಇರಬೇಕಿತ್ತು. ಅದೂ ಇರಲಿಲ್ಲ. ಇಂಜಿನ್ನನ್ನು ದೋಣಿಯ ಹಿಂಭಾಗದಲ್ಲೇ ಬಿಟ್ಟಿದ್ದರು. ಭಾರವೆಲ್ಲ ಹಿಂದೆ ಬಿದ್ದು ಟ್ರೇಲರಿನ ಮುಂದಿನ ಕಂಬಿ ಮೇಲಕ್ಕೆ ಎತ್ತುತ್ತಿತ್ತು. ಗಾಡಿ ತಪಾಸಣೆಗೆ ಬಂದ ಅಧಿಕಾರಿ ಹೇಳಿದ್ದು: ಅದು ವಾಲಾಡುತ್ತಿದ್ದದ್ದು ಗಾಳಿಗಲ್ಲ, ಈ ಭಾರಕ್ಕೆ.

ಹಗ್ಗ? ಒಂದು ಎಳೆಯೂ ಹರಿದಿರಲಿಲ್ಲ. ದೋಣಿ ಟ್ರೇಲರಿಗೆ ಕಟ್ಟಿದ ಹಾಗೇ ಇತ್ತು. ದೋಣಿಯನ್ನು ಅಷ್ಟು ಚೆಂದ ಕಟ್ಟಿದವರು ಟ್ರೇಲರನ್ನು ಕಟ್ಟಿರಲಿಲ್ಲ. ಸಿರವಾರದಲ್ಲಿ ನಾವೆಲ್ಲ ಹಗ್ಗ ಎಳೆದೆಳೆದು ನೋಡಿದೆವು. ಬಗ್ಗಿ ಕೊಂಡಿ ನೋಡಿದವರು ಒಬ್ಬರೂ ಇಲ್ಲ.

ಇದು ಬರೀ ದೋಣಿಯ ಮಾತೇ? ನಮ್ಮ ರಸ್ತೆಗಳಲ್ಲಿ ಏನೇನು ಎಳೆಯುತ್ತೇವೆ ನೋಡಿ. ನೀರಿನ ಟ್ಯಾಂಕರ್, ಕಾಳು ಒಕ್ಕುವ ರಾಶಿ ಮಷಿನ್, ಮೆರವಣಿಗೆಯ ಡಿಜೆ, ಹುಲ್ಲಿನ ಬಣವೆ. ಹಿಂದೆ ಲೈಟ್ ಇದೆಯೇ? ಹೊರಗೆ ಚಾಚಿದ ತುದಿಗೆ ಒಂದು ಕೆಂಪು ಬಟ್ಟೆ ಇದೆಯೇ? ಕೊಂಡಿಗೆ ಸರಿಯಾದ ಪಿನ್, ಪಿನ್ನಿಗೆ ಕ್ಲಿಪ್, ಜೊತೆಗೊಂದು ಸರಪಳಿ. ವೆಲ್ಡಿಂಗ್ ಅಂಗಡಿಯಲ್ಲಿ ನಿಂತ ನಿಲುವಿನಲ್ಲೇ ಆಗುವ ಕೆಲಸ. ಹೊರಟ ಮೇಲೆ ಸ್ವಲ್ಪ ದೂರಕ್ಕೆ ನಿಲ್ಲಿಸಿ ಇಳಿದು ನೋಡಬೇಕು. ಎಳೆಯುವ ಸಾಮಾನು ವಾಲಾಡಿದರೆ ಅಲ್ಲೇ ನಿಲ್ಲಬೇಕು, ಭಾರವನ್ನು ಮುಂದಕ್ಕೆ ಸರಿಸಬೇಕು. ಇಷ್ಟಕ್ಕೆ ಡ್ರೈವರ್‌ಗೆ ಪುರುಸೊತ್ತಿಲ್ಲ. ಹೇಳಿದರೆ ಉತ್ತರ ಸಿದ್ಧ: ಏನಾಗಂಗಿಲ್ರಿ. ಈ ಒಂದು ಮಾತಿನ ಮೇಲೆ ನಮ್ಮ ಜಿಲ್ಲೆಯ ಅರ್ಧ ಗಾಡಿಗಳು ಓಡುತ್ತಿವೆ.

ರಫಿಯ ಮೇಲೆ ಕೇಸಾಗಿದೆ. ಅವನು ಕೆಟ್ಟವನಲ್ಲ. ಆ ದಿನ ಆಸ್ಪತ್ರೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತವನು ಯಾರು ಕರೆದರೂ ತಿರುಗಲಿಲ್ಲ. ಆದರೆ ಕೆಟ್ಟವರಲ್ಲದವರ ಕೈಯಲ್ಲೂ ಜನ ಸಾಯುತ್ತಾರಲ್ಲ, ಅದಕ್ಕೇನು ಮಾಡುವುದು?

ದೋಣಿ ಈಗ ಪೊಲೀಸ್ ಠಾಣೆಯ ಅಂಗಳದಲ್ಲಿದೆ. ಮಳೆ ನೀರು ಅದರೊಳಗೆ ನಿಂತಿದೆ. ಕೃಷ್ಣೆಗೆ ನೀರು ಬಿಟ್ಟರು. ಅಂಬಣ್ಣನ ಊರಿನವರು ಈ ಸಲವೂ ಹರಿಗೋಲಿನಲ್ಲೇ ದಾಟಿದರು.

ಮೊನ್ನೆ ಭಾನುವಾರ ನಾವಿಬ್ಬರೂ ಮೌನೇಶನ ಮನೆಗೆ ಹೋಗಿದ್ದೆವು. ಹೊಲಿಗೆ ಯಂತ್ರದ ಮೇಲೆ ಚಾದರ ಹೊದಿಸಿತ್ತು. ಊರಿನವರು ಹೊಲಿಯಲು ಕೊಟ್ಟ ಬಟ್ಟೆಗಳನ್ನು ಸರಸ್ವತಿ ಒಂದೊಂದಾಗಿ ಮಡಚಿ ವಾಪಸ್ ಕಳಿಸುತ್ತಿದ್ದಳು. ಯಾರೂ ಕೇಳಲು ಬಂದಿರಲಿಲ್ಲ. ಬರಲು ಅವರಿಗೆ ಧೈರ್ಯವಿರಲಿಲ್ಲ.

ನಾವು ಹೋಗುವ ಹೊತ್ತಿಗೆ ಅಂಬಣ್ಣ ಕಟ್ಟೆಯ ಮೇಲೆ ಕುಳಿತಿದ್ದ. ಅವನು ಬರುವುದು ಇದೇ ಮೊದಲಲ್ಲವಂತೆ. ಒಳಗೆ ಕರೆದರೆ ಬರುವುದಿಲ್ಲವಂತೆ. ಸರಸ್ವತಿ ನಮಗೆ ಕೊಟ್ಟ ಹಾಗೆ ಅವನಿಗೂ ಚಹಾ ತಂದು ಕೊಟ್ಟಳು. ಅವನು ಬಟ್ಟಲನ್ನು ಕೆಳಗಿಟ್ಟ.

"ಯವ್ವಾ, ಬೈಯಿ ನನಗ. ಬಾಯಿಗಿ ಬಂದಂಗ ಬೈಯಿ. ಹಿಂಗ ಸುಮ್ಮನ ಚಾ ಕೊಡಬ್ಯಾಡ."

ಆಕೆ ಮಡಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನ ಕಡೆ ತಿರುಗಿದಳು.

"ಹೊಳ್ಯಾಗ ದೋಣಿ ಮುಳುಗಿ ಹೋಗಿದ್ರ ಗಂಗವ್ವ ಒಯ್ದಳು ಅಂತ ಆಕಿಗಿ ಬೈತಿದ್ದೆ. ಒಂದು ನಟ್ಟು ಹಾಕಲಿಲ್ಲ ಅಂತ ಗಂಡ ಸತ್ರ, ಯಾವ ದೇವ್ರಿಗಿ ಬೈಲಿ ಯಣ್ಣಾ?"