ಬೈಸಿಕೊಂಡದ್ದು ಬ್ಯಾಟರಿ

ಕಳೆದ ತಿಂಗಳು ಕೊಳ್ಳೇಗಾಲದ ಒಂದು ಬ್ಯಾಟರಿ ಅಂಗಡಿಯಲ್ಲಿ ಬಾಯಿಗೆ ಬಂದಂತೆ ಕೂಗಾಡಿದೆ. ಅಂಗಡಿ ರಾಚಪ್ಪನದು. ಹೈಸ್ಕೂಲಿನಲ್ಲಿ ನನ್ನ ಪಕ್ಕ ಒಂದೇ ಬೆಂಚಿನಲ್ಲಿ ಕೂತವನು.

‘ಡೂಪ್ಲಿಕೇಟ್ ಮಾಲ್ ಮಾರ್ತೀಯೇನ್ಲಾ?’ ಎಂದೆ. ಹೊಸ ಬ್ಯಾಟರಿ ಹಾಕಿಸಿ ಎರಡು ತಿಂಗಳೂ ಆಗಿರಲಿಲ್ಲ, ಬೈಕ್ ಸ್ಟಾರ್ಟ್ ಆಗದೆ ನಿಂತಿತ್ತು. ಸಿಟ್ಟು ಬರದೆ ಇರುತ್ತದೆಯೇ? ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ರಾಚಪ್ಪ ಅದನ್ನು ಬಿಚ್ಚಿ ತೆಗೆದ. ಬೇರೆ ಬ್ಯಾಟರಿ ಹಾಕಿಕೊಟ್ಟ.

ಮೊನ್ನೆ ರಾಮಾಪುರದಲ್ಲಿ ಅದೂ ಕೈಕೊಟ್ಟಿತು. (ನೋಡಿದಿರಾ, ನಾನು ಹೇಳಿದ್ದೇ ಸರಿ ಎಂದು ಒಳಗೊಳಗೇ ಖುಷಿಯೂ ಆಯಿತು. ಸುಳ್ಳೇಕೆ ಹೇಳಲಿ?) ಬಸ್ ಸ್ಟಾಪಿನ ಹತ್ತಿರದ ಮೆಕ್ಯಾನಿಕ್ ಸಿದ್ದರಾಜು ಮೀಟರ್ ಇಟ್ಟು ನೋಡಿದ.

‘ಬ್ಯಾಟ್ರಿ ಚೆನ್ನಾಗೇ ಅದೆ ಸಾ. ಅದುಕ್ಕೆ ಚಾರ್ಜೇ ಓಯ್ತಿಲ್ಲ.’

ಸೈಡ್ ಪ್ಯಾನೆಲ್ ಬಿಚ್ಚಿದ. ಎಂಜಿನ್‌ನಿಂದ ಬರುವ ಚಾರ್ಜಿಂಗ್ ವೈರುಗಳು ಕೂಡುವ ಕಡೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಪ್ಲಾಸ್ಟಿಕ್ ಕಪ್ಲರ್. ಸುಟ್ಟು ಕಪ್ಪಾಗಿತ್ತು.

‘ಇಲ್ಲಿ ಅಗ್ಗ ಕಟ್ತೀರಾ ಸಾ?’

ಕಟ್ಟುತ್ತೇನೆ. ಧನಗೆರೆಯಿಂದ ರೇಷ್ಮೆಗೂಡಿನ ಚೀಲ ಮಾರ್ಕೆಟ್‌ಗೆ ಒಯ್ಯುವಾಗ ಹಗ್ಗವನ್ನು ಆ ಪ್ಯಾನೆಲ್ ಹಿಂದೆ ತೂರಿಸಿ ಬಿಗಿಯುತ್ತೇನೆ. ಚೀಲ ಅಲ್ಲಾಡುವುದಿಲ್ಲ. ನಮ್ಮೂರಲ್ಲಿ ಎಲ್ಲರೂ ಹಾಗೇ ಮಾಡುವುದು.

‘ಅಗ್ಗ ಎಳ್ದಂಗೆಲ್ಲ ವೈರೂ ಎಳೀತದೆ. ಕಪ್ಲರ್ ಲೂಸಾಯ್ತದೆ. ಲೂಸಾದ್ರೆ ಬಿಸಿಯಾಯ್ತದೆ, ಆಮೇಲೆ ಸುಟ್ಟೋಯ್ತದೆ. ಅಷ್ಟೇಯ.’

ಹೊಸ ಕಪ್ಲರ್ ಹಾಕಿ, ಟಕ್ ಎನ್ನುವವರೆಗೆ ಒತ್ತಿದ. ವೈರನ್ನು ಹಗ್ಗ ಸೋಕದ ಕಡೆಗೆ ಸರಿಸಿ ಕಟ್ಟಿದ. ‘ಸರ್ವಿಸ್‌ಗೆ ಬುಟ್ಟಾಗೆಲ್ಲ ಇದುನ್ನೊಂದ್ ಬಿಚ್ಚಿ ನೋಡಿ ಅನ್ನಿ ಸಾ. ಕಿಲುಬು ಕಟ್ಟಿದ್ರೆ ಕ್ಲೀನ್ ಮಾಡುಸಿ’ ಎಂದ.

ಎಷ್ಟು ಸಣ್ಣ ಕೆಲಸ! ನಾನು ಒಂದು ದಿನವೂ ಆ ಪ್ಯಾನೆಲ್ ಬಿಚ್ಚಿ ನೋಡಿದವನಲ್ಲ. ಬಿಚ್ಚಬೇಕಾದ್ದು ನಾಲ್ಕು ಸ್ಕ್ರೂ. ಅದರ ಬದಲು ಬಾಯಿ ಬಿಚ್ಚಿದ್ದೆ. ಕೆಟ್ಟು ನಿಂತದ್ದು ಕಣ್ಣಿಗೆ ಕಾಣುತ್ತದೆ, ಅದನ್ನೇ ಹಿಡಿದು ಬೈಯುತ್ತೇವೆ. ಅದಕ್ಕೆ ಬರಬೇಕಾದ್ದು ದಾರಿಯಲ್ಲೇ ನಿಂತಿದೆಯೇ ಎಂದು ಯಾರು ಕೇಳುತ್ತಾರೆ? ಆ ದಾರಿಗೆ ಅಡ್ಡ ಬಂದದ್ದು ನಮ್ಮ ಕೈಯೇ ಇರಬಹುದು ಎಂಬುದಂತೂ ಹೊಳೆಯುವುದೇ ಇಲ್ಲ. ಕೊಳ್ಳೇಗಾಲಕ್ಕೆ ವಾಪಸಾಗುವ ದಾರಿಯುದ್ದಕ್ಕೂ ನಾಚಿಕೆಯಾಗುತ್ತಿತ್ತು.

ನೇರ ರಾಚಪ್ಪನ ಅಂಗಡಿಗೇ ಹೋದೆ. ‘ತಪ್ಪಾಯ್ತು ಕಣ್ಲಾ’ ಎಂದೆ. ಅವನು ನಕ್ಕ. ಟೀ ತರಿಸಿದ.

‘ನೀನ್ ಬುಡ್ಲಾ, ಗೊತ್ತಿರೋನು. ಅವತ್ತು ನಿಂತ್ಕಂಡ್ ಕೇಳ್ತಿದ್ರಲ್ಲ, ಅವ್ರ್ಯಾರೂ ತಿರ್ಗ ಈ ಕಡೆ ಬರ್ನಿಲ್ಲ’ ಎಂದ.

ಅವರನ್ನು ನಾನೀಗ ಎಲ್ಲಿ ಹುಡುಕಲಿ?