ಕಮಲತ್ತೆ ಹೇಳಿದ ಸಿನಿಮಾ

ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಬಂದರೆ ಈಗಲೂ ನನ್ನ ಕಿವಿ ಬೀದಿಯ ಕಡೆ ಹೋಗುತ್ತದೆ. ಮೊನ್ನೆ ಚನ್ನಗಿರಿಯ ಪೇಟೆಯಲ್ಲಿ ಮಗಳ ರವಿಕೆಗೆ ಅಳತೆ ಕೊಡಿಸುವಾಗಲೂ ಹಾಗೇ ಆಯಿತು. ದರ್ಜಿ ತುಳಿಯುವುದನ್ನು ನಿಲ್ಲಿಸಿದೊಡನೆ, ಅಂಚೆಯವನು ಬಂದನೇನೋ ಎಂದು ಬಾಗಿಲ ಕಡೆ ತಿರುಗಿದೆ. ನ್ಯಾಮತಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಕೆಳಗೆ, ಅಪ್ಪನ ತಂಗಿ ಕಮಲತ್ತೆಯ ಯಂತ್ರವಿತ್ತು. ಅವಳ ಗಂಡ, ನಮ್ಮ ಮಾವ, ಮಿಲಿಟರಿಯಲ್ಲಿದ್ದ. ಗಡಿಯಲ್ಲಿ ಯುದ್ಧ ಶುರುವಾದ ಮೇಲೆ ಅವನ ಕಾಗದ ನಿಂತುಹೋಗಿತ್ತು. ಅಂಚೆಯವನ ಸೈಕಲ್ ಗಂಟೆ ಬೀದಿಯ ತುದಿಯಲ್ಲಿ ಕೇಳಿದರೆ ಯಂತ್ರ ನಿಲ್ಲುತ್ತಿತ್ತು. ಗಂಟೆ ನಮ್ಮ ಬಾಗಿಲು ದಾಟಿಹೋದ ಮೇಲೆ ಮತ್ತೆ ಓಡುತ್ತಿತ್ತು, ಮೊದಲಿಗಿಂತ ಜೋರಾಗಿ.

ಹಾಗೆ ಗಂಟೆ ದಾಟಿಹೋದ ಮಧ್ಯಾಹ್ನಗಳಲ್ಲೇ ಅತ್ತೆ ಸಿನಿಮಾ ಕಥೆ ಹೇಳುತ್ತಿದ್ದದ್ದು. ಮದುವೆಯಾದ ಹೊಸದರಲ್ಲಿ ಮಾವ ಅವಳಿಗೆ ಶಿವಮೊಗ್ಗದಲ್ಲಿ ಒಂದು ಇಂಗ್ಲಿಷ್ ಸಿನಿಮಾ ತೋರಿಸಿದ್ದ. ಅರ್ಧ ಅವನು ಕಿವಿಯಲ್ಲಿ ಪಿಸುಗುಟ್ಟಿದ್ದು, ಅರ್ಧ ಅತ್ತೆ ಊಹಿಸಿದ್ದು. ಒಬ್ಬ ಸಿಪಾಯಿ, ಹೋಟೆಲಿನಲ್ಲಿ ಹಾಡುವ ಒಬ್ಬ ಹುಡುಗಿ. ರೈಲ್ವೆ ಸ್ಟೇಷನ್ನಿನಲ್ಲಿ ಪ್ರೀತಿ, ಅಲ್ಲೇ ಅಗಲಿಕೆ. ಆಮೇಲೆ ಪೇಪರಿನಲ್ಲಿ ಸತ್ತವರ ಪಟ್ಟಿ, ಅದರಲ್ಲಿ ಅವನ ಹೆಸರು. ಹುಡುಗಿಯ ಕೆಲಸ ಹೋಗುತ್ತದೆ, ಊಟಕ್ಕಿಲ್ಲ. “ಆಮೇಲೆ ಆಕೆ...” ಎಂದು ಅತ್ತೆ ಬಾಯಿ ತೆರೆದರೆ, ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿ ಕೆಮ್ಮುತ್ತಿದ್ದಳು. ಆ ಕೆಮ್ಮೇ ನಮ್ಮ ಮನೆಯ ಸೆನ್ಸಾರು.

ರವಿಕೆಗೆ ಗುಂಡಿ ಹಚ್ಚಿಸಲು ಬಂದಿದ್ದ ಪಕ್ಕದ ಮನೆ ನಾಗಮ್ಮ ಬಿಡುವವಳಲ್ಲ. “ಏನಾದ್ಲು ಹೇಳೇ. ನಿಮ್ಮವ್ವ ಸಿನಿಮಾಕ್ಕೂ ಕತ್ರಿ ಹಾಕ್ತಾಳಲ್ಲ.”

“ಏನಾಗ್ತಾಳೆ. ನಮ್ಮ ಮನೆಯವ್ರ ಊರಾಗೆ ಕೆರೆ ಐತಲ್ಲ, ಆ ಹೆಸ್ರಿನಾಕೆ ಆದ್ಲು,” ಅಂದಳು ಅತ್ತೆ, ಹಲ್ಲಿನಲ್ಲಿ ದಾರ ಕಡಿಯುತ್ತ.

ಎಲ್ಲರೂ ನಕ್ಕರು. ಅಜ್ಜಿಯೂ ಮುಖವನ್ನು ಮೊರಕ್ಕೆ ಬಗ್ಗಿಸಿದಳು. ಮಾವನ ಊರು ಸೂಳೆಕೆರೆಯ ದಂಡೆಯ ಮೇಲಿತ್ತು. ಆದರೆ ನಮ್ಮ ಮನೆಯ ಹೆಣ್ಣುಮಕ್ಕಳು ಆ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ಕೆರೆಗೆ ನನಗೆ ಗೊತ್ತಿದ್ದ ಹೆಸರು ಶಾಲೆಯ ಪುಸ್ತಕದಲ್ಲಿದ್ದ ಶಾಂತಿಸಾಗರ. ಹಾಗಾಗಿ ಹುಡುಗಿಯ ಹೆಸರು ಶಾಂತಿ ಎಂದುಕೊಂಡೆ.

“ಶಾಂತಿಯ ಸಿಪಾಯಿ ನಿಜ್ವಾಗ್ಲೂ ಸತ್ತಿದ್ನಾ ಅತ್ತೆ?” ಎಂದು ಒಂದು ದಿನ ಕೇಳಿಬಿಟ್ಟೆ. ಸೈಕಲ್ ಗಂಟೆ ಕೇಳಿಸಿರಲಿಲ್ಲ, ಆದರೂ ಯಂತ್ರ ನಿಂತಿತು. ಅಜ್ಜಿ ಕೆಮ್ಮಲಿಲ್ಲ. “ಇಲ್ಲ ಮಗಾ. ಪೇಪರ್‌ನಾಗೆ ತಪ್ಪು ಬಿದ್ದಿತ್ತು. ಬರಾಕತ್ಯಾನೆ,” ಅಂದಳು ಅತ್ತೆ. ಅಂದಿನಿಂದ ಕಥೆ ಮುಂದೆ ಹೋಗಲೇ ಇಲ್ಲ. ಒಂದು ದಿನ ಹಳಿಯ ಮೇಲೆ ಹಿಮ ಬಿದ್ದಿತ್ತು, ಮತ್ತೊಂದು ದಿನ ಸಿಗ್ನಲ್ ಸಿಕ್ಕಿರಲಿಲ್ಲ. ವಾರಗಟ್ಟಲೆ ಅವನ ರೈಲು ಎಲ್ಲೋ ಬಯಲಿನಲ್ಲಿ ನಿಂತೇ ಇತ್ತು. ಕಥೆ ಮುಗಿದರೆ ಏನೋ ಆಗಿಬಿಡುತ್ತದೆ ಎಂಬ ಹೆದರಿಕೆ ಅತ್ತೆಯಿಂದ ನನಗೂ ಅಂಟಿಕೊಂಡಿತು. ಗಂಟೆ ಕೇಳಿದರೆ ನಾನು ಹೋಗಿ ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದೆ.

ಮಾವ ಬಂದ. ಕಾಗದವಿಲ್ಲದೆ, ಒಂದು ಬೆಳಿಗ್ಗೆ ಹೊನ್ನಾಳಿ ಬಸ್ಸಿನಿಂದ ಟ್ರಂಕು ಇಳಿಸಿಕೊಂಡು, ಎಡಗಾಲು ಎಳೆಯುತ್ತ ಬಂದ. ಅವನನ್ನು ನೋಡಲು ಬಂದ ನಾಗಮ್ಮ ಬಾಗಿಲಲ್ಲೇ, “ಈಗಾದ್ರೂ ಹೇಳೇ, ಆ ಸಿಪಾಯಿ ಬಂದ್ನೋ ಇಲ್ಲೋ?” ಅಂದಳು.

“ಬಂದ. ಆಕೆ ಸ್ಟೇಷನ್ನಾಗೇ ನಿಂತಿದ್ಲು. ಮನೀಗೆ ಕರ್ಕೊಂಡು ಹೋದ.”

ಮಾವ ಚಹಾದ ಲೋಟ ಕೆಳಗಿಟ್ಟು ಅತ್ತೆಯ ಕಡೆ ತಿರುಗಿದ. ಅತ್ತೆಯನ್ನು ಬಿಟ್ಟರೆ ನಮ್ಮಲ್ಲಿ ಆ ಸಿನಿಮಾ ನೋಡಿದ್ದವನು ಅವನೊಬ್ಬನೇ. “ಹೂಂ, ಹಂಗೇ ಐತೆ,” ಅಂದ.

ಈಗ ಅಜ್ಜಿ, ಅತ್ತೆ, ಮಾವ ಮೂವರೂ ಇಲ್ಲ. ಕಿಟಕಿ ಇದ್ದಲ್ಲಿ ಮೊಬೈಲ್ ಅಂಗಡಿಯ ಷಟರ್ ಇದೆ. ಇಂಥ ಪಡಸಾಲೆಯೊಂದು ನಿಮಗೂ ಇದ್ದಿರಬೇಕು. ಹೋದ ವಾರ ನಾನು ಹೇಳಿದ ಗುರುತು ಹಿಡಿದು ಮಗಳು ಆ ಸಿನಿಮಾವನ್ನು ಫೋನಿನಲ್ಲಿ ಹುಡುಕಿಕೊಟ್ಟಳು. ಅದನ್ನು ಎರಡು ಸಲ ತೆಗೆದಿದ್ದರಂತೆ. ಮೊದಲನೆಯದರಲ್ಲಿ ಹುಡುಗಿಯ ಬದುಕು ಇದ್ದಂತೆಯೇ ಇದೆ. ಸೆನ್ಸಾರು ಬಿಗಿಯಾದ ಮೇಲೆ ತೆಗೆದದ್ದರಲ್ಲಿ ಬರೀ ತಗ್ಗಿಸಿದ ಕಣ್ಣು, ಮುಚ್ಚಿದ ಬಾಗಿಲು. ಎರಡನ್ನೂ ಒಬ್ಬಳೇ ಕೂತು ನೋಡಿದೆ. ಎರಡರಲ್ಲೂ ಸಿಪಾಯಿ ಬರುತ್ತಾನೆ. ಎರಡರಲ್ಲೂ ಅವಳು ಅವನಿಗೆ ಏನನ್ನೂ ಹೇಳಲಾರದೆ ಅದೇ ಸ್ಟೇಷನ್ನಿನಲ್ಲಿ ರೈಲಿಗೆ ಸಿಕ್ಕು ಸಾಯುತ್ತಾಳೆ. ಅಷ್ಟೂ ತಿಂಗಳು ಕಮಲತ್ತೆ ಆ ಕೊನೆಯನ್ನು ಬಾಯಲ್ಲಿಟ್ಟುಕೊಂಡೇ ಯಂತ್ರ ತುಳಿದಿದ್ದಳು.

“ಅಮ್ಮಾ, ಕೊನೆಗೆ ನಿನ್ನ ಶಾಂತಿ ಏನಾದ್ಲು?” ಎಂದು ಮಗಳು ಅಡುಗೆಮನೆಯಿಂದ ಕೇಳಿದಳು.

ಹೇಳಬೇಕೆಂದು ಬಾಯಿ ತೆರೆದೆ. ಕೆಮ್ಮು ಬಂತು, ಥೇಟ್ ಅಜ್ಜಿಯದೇ.