ಕ್ಯಾಸೆಟ್ಟಿನಲ್ಲಿ ಕಳಿಸಿದ ಅಪ್ಪಣೆ

ತೊಂಬತ್ತರ ದಶಕದಲ್ಲಿ ಕೆಲಸಕ್ಕೆಂದು ಕತಾರಿನ ದೋಹಾದ ಮನ್ಸೂರಾ ಬಡಾವಣೆಯಲ್ಲಿದ್ದಾಗ ನಾನು ಮನೆಗೆ ಕಾಗದ ಬರೆದವನಲ್ಲ. ಮಾತನ್ನೇ ಕ್ಯಾಸೆಟ್ಟಿಗೆ ತುಂಬಿ, ಊರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದೆ.

ಒಮ್ಮೆ ಮಂಗಳೂರಿನಲ್ಲಿ ಪಾಲಿಕೆ ಚುನಾವಣೆ ಬಂತು. ಮೇಯರ್ ಕುರ್ಚಿಯ ಮೇಲೆ ಕಣ್ಣಿಟ್ಟ ಇಬ್ಬರೂ ನಮ್ಮ ವಾರ್ಡಿನಲ್ಲೇ ನಿಂತಿದ್ದರು. ಒಬ್ಬ ನೀರಿನ ಪೈಪಿನ ಕಂತ್ರಾಟಿನಲ್ಲಿ ತಿಂದವನೆಂದೂ ಇನ್ನೊಬ್ಬ ಶಾಲೆಯ ಮೈದಾನವನ್ನೇ ನುಂಗಿದವನೆಂದೂ ಸುದ್ದಿ. ನಾನು ರೆಕಾರ್ಡರ್ ಒತ್ತಿ ಹೆಂಡತಿಗೆ, "ಪೈಪಿನವನು ತಿಂದರೂ ಕೆಲಸ ಮಾಡ್ತಾನೆ, ಅವನಿಗೇ ಹಾಕು" ಎಂದೆ.

ರೂಮಿನ ಗೆಳೆಯ ಬಾಯಿ ಹಾಕಿದ: "ಅವಳ ಹತ್ರ ಕೇಳಿದ್ಯಾ ಮಾರಾಯ?"

ನನಗೆ ರೇಗಿತು. "ಹೆಂಗಸರಿಗೆ ಎಂತ ಗೊತ್ತುಂಟು? ಹೇಳಿದಲ್ಲಿ ಮುದ್ರೆ ಒತ್ತಿದರೆ ಸಾಕು. ಖಲಾಸ್!"

ರೆಕಾರ್ಡರ್ ಓಡುತ್ತಲೇ ಇತ್ತೆಂದು ಹೊಳೆದದ್ದು ಕ್ಯಾಸೆಟ್ಟು ವಿಮಾನ ಹತ್ತಿದ ಮೇಲೆ. ಮನೆಯಲ್ಲಿ ಅದನ್ನು ಅಮ್ಮ, ತಂಗಿ, ನೆರೆಯವರೆಲ್ಲ ಸುತ್ತ ಕೂತು ಕೇಳುವುದು ವಾಡಿಕೆ. ಉತ್ತರ ಬರುವವರೆಗೆ ನನಗೆ ಅನ್ನ ರುಚಿಸಲಿಲ್ಲ.

ಬಂದ ಕ್ಯಾಸೆಟ್ಟಿನಲ್ಲಿ ಅವಳು ಮಕ್ಕಳ ಜ್ವರ, ಅಮ್ಮನ ಮಂಡಿನೋವು ಎಲ್ಲ ಹೇಳಿದಳು. ಕೊನೆಗೆ ಓಟಿನ ಮಾತೆತ್ತಿದಳು:

"ಕೊಡ ಹಿಡಿದು ನೀರಿಗೆ ನಿಲ್ಲುವುದು ನಾನು. ಮಕ್ಕಳು ರಸ್ತೆಯಲ್ಲಿ ಆಡುವುದನ್ನು ಹೆದರಿ ಹೆದರಿ ನೋಡುವುದೂ ನಾನೇ. ಯೋಚನೆ ಮಾಡಿಯೇ ಓಟು ಹಾಕಿದ್ದೇನೆ. ಯಾರಿಗೆ ಅಂತ ಕೇಳ್ಬೇಡಿ. ಖಲಾಸ್."